ಕಲಕುವ ಕೆಲಸ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಕಾಗವಾಡದ ಹತ್ತಿರ ಒಂದು ಸಣ್ಣ ಬಣ್ಣದ ಕಾರ್ಖಾನೆಯಲ್ಲಿ ಪರೀಕ್ಷಕಿಯಾಗಿದ್ದೆ. ಕಬ್ಬು ಸಾಗಿಸುವ ಟ್ರೇಲರ್‌ಗಳಿಗೆ ಬಳಿಯುವ ಬಣ್ಣವನ್ನು ಅಲ್ಲಿ ಮಾಡುತ್ತಿದ್ದರು. ಬಣ್ಣ ಅಂಟಿ ನಿಲ್ಲಲು ಹಾಕುವ ಒಳ್ಳೆಯ ರಾಳಕ್ಕೆ ಮಾಲೀಕರು ಅಗ್ಗದ ರಾಳ ಬೆರೆಸುತ್ತಿದ್ದರು. ಅವೆರಡು ಹೊಂದುತ್ತಿರಲಿಲ್ಲ, ಕಲಕುವುದು ನಿಂತೊಡನೆ ಬೇರೆಯಾಗುತ್ತಿದ್ದವು. ಆದ್ದರಿಂದ ಡಬ್ಬಿಗಳು ತುಂಬುವವರೆಗೂ ಒಬ್ಬ ಹೆಂಗಸು ತೆರೆದ ಡ್ರಮ್ಮಿನ ಮೇಲೆ ಬಾಗಿ ಕಲಕುತ್ತಲೇ ಇರಬೇಕಿತ್ತು. ಗಂಡಸರು ಆ ಕೆಲಸವನ್ನು ಒಲ್ಲೆವೆಂದಿದ್ದರು. ಬಣ್ಣಕ್ಕೆ ಧೂಳು ಬೀಳಬಾರದೆಂದು ಮಾಲೀಕರು ಕಿಟಕಿಗಳನ್ನು ಮುಚ್ಚಿಸಿದ್ದರು. ಅವಳು ಉಸಿರಾಡುವ ಘಾಟಿನ ಬಗ್ಗೆ ಯಾರೂ ಕೇಳಲಿಲ್ಲ. ಆ ಡಬ್ಬಿಗಳನ್ನು ಕೊಳ್ಳುವ ರೈತರಿಗೂ ಆ ಬೆರಕೆ ಮೋಸವೇ ಆಗಿತ್ತು.

ಎರಡನ್ನೂ ಹೊಂದಿಸುವ ಮೂರನೆಯ ರಾಳವೊಂದಿದೆ, ಸ್ವಲ್ಪವೇ ಸಾಕು, ಆಮೇಲೆ ಕಲಕುತ್ತಲೇ ಇರಬೇಕಿಲ್ಲ ಎಂದು ನಾನು ತಿಂಗಳುಗಟ್ಟಲೆ ವಾದಿಸಿದೆ. ಬಣ್ಣ ಒಳಗೇ ಬೇರೆಯಾಗಿದೆಯೆಂದು ಮಿರಜಿನಿಂದ ಡಬ್ಬಿಗಳು ವಾಪಸು ಬಂದ ಮೇಲಷ್ಟೇ ಮಾಲೀಕರು ಅದನ್ನು ತರಿಸಿದರು. ಬಣ್ಣದ ಪುಡಿ ಹಾಕುವ ಮೊದಲು ಬೆರಕೆಯನ್ನು ಗಾಜಿನ ಮೇಲೆ ಸವರಿ ಒಣಗಿಸಿದೆ. ರಾಳಗಳು ಹೊಂದದಿದ್ದಾಗ ಕಾಣುತ್ತಿದ್ದ ಬಿಳಿ ಮಬ್ಬು ಇರಲಿಲ್ಲ.

ಮರುವಾರ ಕಲಕುವವಳೂ ಇರಲಿಲ್ಲ. ಕೇಳಿದಾಗ ಮಾಲೀಕರು, "ಈಗ ಕಲಕೂದ ಎಲ್ಲೈತ್ರಿ ಮ್ಯಾಡಂ? ನೀವ ಹೇಳಿದ್ರಿ, ಬಿಡಿಸೇನಿ" ಎಂದರು. ಡಬ್ಬಿ ತುಂಬುವ ಕೆಲಸವನ್ನಾದರೂ ಕೊಡಿ ಎಂದೆ. ಅದು ಗಂಡಸರ ಕೆಲಸ ಎಂದರು.

ಸಂತೆಯಲ್ಲಿ ಸಿಕ್ಕಾಗ ಅವಳು ನಕ್ಕಳು. "ಕೆಮ್ಮ ನಿಂತೈತ್ರಿ ಅಕ್ಕಾರ, ಪಗಾರಾನೂ ನಿಂತೈತಿ. ಇನ್ನೇನರ ಸುಧಾರಣಾ ಮಾಡೂದಿದ್ರ ಮೊದಲ ನನ್ನ ಒಂದ ಮಾತ ಕೇಳ್ರಿ."

ಮರುದಿನ ಮತ್ತೆ ಮಾಲೀಕರ ಮುಂದೆ ನಿಂತು ಅವಳ ಕೆಲಸಕ್ಕಾಗಿ ವಾದಿಸಿದೆ. ದನಿ ಮಾತ್ರ ಮೊದಲಿನಷ್ಟು ಏರಲಿಲ್ಲ.