ಮಧ್ಯಂತರ ಅಂದ್ರ ಏನ್ರಿ?

ನಾನು ಶಾಲಿ ಕಲಿತದ್ದು ಮೂರನೇ ಇಯತ್ತೆತನ. ಅಕ್ಷರ ಕೂಡಿಸಿ ಓದತೇನಿ, ತಿಳೀಲಿಲ್ಲಂದ್ರ ಕೇಳತೇನಿ. ನನ್ನ ಮಗಳು ಬಿ.ಎ. ಓದ್ಯಾಳ. ಆಕಿ ಕೇಳಂಗಿಲ್ಲ, ಅಳತಾಳ.

ಗಂಡನ್ನ ಬಿಟ್ಟು ಬಂದು ಕೇಸು ಹಾಕಿದ್ಳು. ಮೊಮ್ಮಗಳ ಖರ್ಚಿಗೆ ತಿಂಗಳಾ ಇಷ್ಟು ಕೊಡು ಅಂತ ಕೋರ್ಟಿನವರು ಅಳಿಯಗ ಆದೇಶ ಮಾಡಿದ್ರು. ಎರಡು ತಿಂಗಳು ಕೊಟ್ಟ, ನಿಲ್ಲಿಸಿದ. ಫೋನು ಮಾಡಿದ್ರ, "ಕಾಗದಾ ನೋಡ್ರಿ, ‘ಮಧ್ಯಂತರ ಜೀವನಾಂಶ’ ಅಂತ ಅದ. ಕೇಸು ಇನ್ನೂ ಮುಗಿದಿಲ್ಲ. ಮುಗಿದ ಮ್ಯಾಲ ನೋಡೋಣು" ಅಂದ. ಮಗಳು ಕಾಗದಾ ನೋಡಿ, "ಹೌದಬೇ ಯವ್ವ, ಮಧ್ಯಂತರ ಅಂತನ ಅದ" ಅಂತ ಮತ್ತ ಅತ್ಳು. ಶಾಲಿಯವರು ನೋಡಿದ್ರ, ಸೋಮವಾರ ಫೀಸು ತುಂಬಲಿಲ್ಲಂದ್ರ ಹುಡುಗೀನ ಪರೀಕ್ಷಾಕ್ಕ ಕೂಡಸಂಗಿಲ್ಲ ಅಂದಿದ್ರು.

ಕಾಗದಾ ತಗೊಂಡು ಆಳಂದಕ್ಕ ಹೋಗಿ ವಕೀಲರ ಮುಂದ ಕುಂತೆ.

"ಮಧ್ಯಂತರ ಅಂದ್ರ ಏನ್ರಿ?"

"ಪ್ರಕರಣದ ಅಂತಿಮ ವಿಲೇವಾರಿಯವರೆಗೆ ಜಾರಿಯಲ್ಲಿರುವ ಆದೇಶ."

"ಈಗ ಕನ್ನಡದಾಗ ಹೇಳ್ರಿ."

ಇನ್ನೊಂದು ಸಲ ಹೇಳಿದ್ರು. ಅದು ಇನ್ನೂ ಉದ್ದ ಆಯ್ತು. ಕಡೀಕ ನಾನ ಕೇಳಿದೆ: "ಎತ್ತು ಯಾರದಂತ ಇಬ್ಬರು ಜಗಳಾಡ್ತಾರ. ತೀರ್ಮಾನ ಆಗೋತನ ಎತ್ತಿಗೆ ಮೇವು ಹಾಕಬೇಕೋ ಬ್ಯಾಡೋ?"

"ಹಾಕಬೇಕು."

"ಅದ ಏನ್ರಿ ಮಧ್ಯಂತರ ಅಂದ್ರ?"

ವಕೀಲರು ಚಸಮಾ ತೆಗೆದು, "ಅದ ಯವ್ವ, ಅದ" ಅಂದ್ರು. ಕೊಡಲಿಲ್ಲಂದ್ರ ಅಮಲ್ಜಾರಿ ಅರ್ಜಿ ಹಾಕೋಣು, ಕೋರ್ಟೇ ವಸೂಲ್ ಮಾಡತದ ಅಂತನೂ ಹೇಳಿದ್ರು.

ಅಲ್ಲಿಂದ ಸೀದಾ ಭೂಸನೂರಿನ ಬಸ್ಸು ಹತ್ತಿದೆ. ಅಳಿಯ ಸಕ್ಕರಿ ಕಾರ್ಖಾನಿ ಮುಂದ ಕಬ್ಬಿನ ಟ್ರ್ಯಾಕ್ಟರ್ ಸಾಲಿಗೆ ಹಚ್ಚಿಕೊಂಡು ಕುಂತಿದ್ದ. ಮನೀಗೆ ಹೋಗಿದ್ರ ಹಿತ್ತಲ ಬಾಗಿಲಿಂದ ಓಡ್ತಿದ್ದ. ಇಲ್ಲಿ ಓಡಿದ್ರ ಪಾಳಿ ಹೋಗತದ. ಗಾಲಿ ಬಾಜೂಕ ನಿಂತು, ಕಾಗದದ ಮ್ಯಾಲ ಬೆರಳಿಟ್ಟು, ಜೋರಾಗಿ ಓದಾಕ ಸುರು ಮಾಡಿದೆ: "ಅ... ರ್ಜಿ... ದಾ... ರ... ಳು..."

"ಅತ್ತಿ, ಮಂದಿ ನೋಡಾಕತ್ತಾರ!"

"ನೋಡ್ಲಿ. ನನಗ ಬರಲಾರದ ಅಕ್ಷರ ಯಾರಾರ ಹೇಳಿಕೊಡ್ತಾರ."

ಹಿಂದಿನ ಟ್ರ್ಯಾಕ್ಟರಿನವ ಇಳಿದು ಬಂದು ಹೇಳಿಕೊಟ್ಟ. ಅವನ ಹಿಂದಿನವನೂ ಬಂದ. ನಾನು ‘ಜೀವನಾಂಶ’ಕ್ಕ ಬರೋದ್ರಾಗ ಏಳೆಂಟು ಮಂದಿ ಕೂಡಿದ್ರು. ಎತ್ತಿನ ಮಾತು ಹೇಳಿದೆ.

"ಲೇ, ಮೊದಲ ಮಗಳಿಗೆ ಮೇವು ಹಾಕಲೇ!" ಅಂದ ಒಬ್ಬ.

"ಸಾಲು ಸರದರೂ ಇವನ ಗಾಡಿ ಬಿಡಬ್ಯಾಡ್ರಿ" ಅಂದ ಇನ್ನೊಬ್ಬ.

ಅಮಲ್ಜಾರಿ ಮಾತು ತೆಗಿಯೋ ಜರೂರತ್ತೇ ಬೀಳಲಿಲ್ಲ. ಅಳಿಯ ಅಲ್ಲೇ ಫೋನು ತೆಗೆದು, ನಿಂತ ತಿಂಗಳದ್ದೆಲ್ಲಾ ನನ್ನ ಮಗಳ ಖಾತೆಗೆ ಹಾಕಿದ.

ಸೋಮವಾರ ಫೀಸು ತುಂಬಿ ಬಂದು ಮೊಮ್ಮಗಳಿಗೆ ಹೇಳಿದ್ರ, ಆಕಿ ಮಾರಿ ಊದಿಸಿಕೊಂಡು ಕುಂತ್ಳು.

"ಯಾಕಬೇ, ಏನಾತು?"

"ಗಣಿತ ಪರೀಕ್ಷಾ ತಪ್ಪತದಂತ ಖುಷೀಲೆ ಇದ್ದೆ, ಆಯಿ. ಎಲ್ಲಾ ಕೆಡಿಸಿಬಿಟ್ಟಿ."