ಐದನೇ ನಂಬರಿನ ಫ್ಯಾನು

ನಮ್ಮ ನೀರು ಪರೀಕ್ಷಾ ಕಚೇರಿಯ ಹೆಡ್ ಕ್ಲರ್ಕ್ ಗಿರಿಜಾಂಬಾ ಬೆಳಿಗ್ಗೆ ಹತ್ತಕ್ಕೆ ಬಂದವರೇ ಮೊದಲು ಫ್ಯಾನನ್ನು ಐದಕ್ಕೆ ತಿರುಗಿಸುತ್ತಾರೆ, ಆಮೇಲೆ ಹಾಜರಿ ಹಾಕುತ್ತಾರೆ. ಡಿಸೆಂಬರಿನಲ್ಲಿ ಗೋಡೆಯ ಥರ್ಮಾಮೀಟರ್ ಹದಿನೆಂಟು ತೋರಿಸುವಾಗಲೂ ಈ ಕ್ರಮ ತಪ್ಪುವುದಿಲ್ಲ. ಹಾಗಾಗಿ ಅವರ ಸುತ್ತಲಿನ ಕಡತಗಳ ಮೇಲೆ ಇಟ್ಟಿಗೆಗಳಿವೆ, ಎದುರು ಕೂರುವ ಮಹೇಶ್ ತಲೆಯ ಮೇಲೆ ಮಂಕಿ ಕ್ಯಾಪ್ ಇದೆ. "ಮೇಡಂ, ಚಾಮುಂಡಿ ಬೆಟ್ಟದ ಮೇಲೂ ಇಷ್ಟು ಗಾಳಿ ಬೀಸಲ್ಲ" ಎಂದು ಅವರು ಗೊಣಗಿದರೆ, ಗಿರಿಜಾಂಬಾ ಸೆರಗಿನಿಂದ ಕತ್ತು ಒರೆಸಿಕೊಂಡು ಇಡೀ ಕಚೇರಿಗೆ ಕೇಳುವಂತೆ ಹೇಳುತ್ತಾರೆ: "ಮುಟ್ಟು ನಿಲ್ಲೋ ವಯಸ್ಸು ಕಣ್ರೀ ನಂದು, ಒಳಗೇ ಒಲೆ ಉರೀತಾ ಇದೆ. ಚಳಿಯಾದ್ರೆ ನೀವು ಇನ್ನೊಂದು ಸ್ವೆಟರ್ ಹಾಕೋಬೋದು. ಸೆಕೆಯಾದ್ರೆ ನಾನೇನು ಬಿಚ್ಚಲಿ?" ಮಹೇಶ್ ಕ್ಯಾಪನ್ನು ಕಿವಿಯ ಕೆಳಗೆ ಎಳೆದುಕೊಳ್ಳುತ್ತಾರೆ. ರೆಗ್ಯುಲೇಟರ್ ಹತ್ತಿರ ಹೋಗಲು ಸಾಹೇಬರಿಗೂ ಧೈರ್ಯವಿಲ್ಲ. ಆದರೂ ತಿಂಗಳಿಗೆ ಒಂದು ದಿನ, ಕೆಲವು ಸಲ ಎರಡು ದಿನ, ಆ ಫ್ಯಾನು ತಿರುಗುವುದಿಲ್ಲ. ಕರೆಂಟ್ ಇದ್ದೂ ಹೀಗೇಕೆಂದು ತಿಳಿಯಲು ನಾನು ಐದು ತಿಂಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಗಿರಿಜಾಂಬಾ ಅವರ ಪಕ್ಕದ ಟೇಬಲ್ಲಿನ ಹೊಸ ಹುಡುಗಿ ನಿಶ್ಚಿತಾ ದುಪಟ್ಟಾದ ಕೆಳಗೆ ಬಿಸಿನೀರಿನ ಚೀಲವನ್ನು ಹೊಟ್ಟೆಗೆ ಒತ್ತಿಕೊಂಡು, ಯಾರಿಗೂ ಏನೂ ಹೇಳದೆ ಬಗ್ಗಿ ಕೂತಿರುವ ದಿನಗಳೇ ಅವು. ಅಂದು ಗಿರಿಜಾಂಬಾ ಬಂದವರೇ ಮೊದಲು ಅವಳ ಮುಖ ನೋಡುತ್ತಾರೆ, "ಫ್ಯಾನ್ ಕೆಟ್ಟೋಗಿದೆ ಕಣ್ರೀ" ಎಂದು ಎಲ್ಲರಿಗೂ ಸಾರುತ್ತಾರೆ, ಮತ್ತೆ ಸಂಜೆಯವರೆಗೂ ಬೆವರು ಸುರಿಸುತ್ತ ಹಾಜರಿ ಪುಸ್ತಕದಿಂದ ಗಾಳಿ ಬೀಸಿಕೊಳ್ಳುತ್ತಾರೆ.