ಟೈಪಿಂಗ್ ಮೇಡಂ ಗೆದ್ದ ಗುಹೆ

ಹೊಸನಗರದಲ್ಲಿ ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದ ಟೈಪಿಂಗ್ ಮೇಡಂ ಅವರ ಎಡಗೈ ಕಿರುಬೆರಳು ಹೊರಕ್ಕೆ ಬಾಗಿತ್ತು. ವರ್ಷಗಟ್ಟಲೆ ‘ಎ’ ಅಕ್ಷರ ಒತ್ತಿ ಒತ್ತಿ ಹಾಗಾಗಿದ್ದು. ಆ ಬೆರಳಿನಿಂದಲೇ ಊರಿನ ಅರ್ಧ ಜನಕ್ಕೆ ಸರ್ಕಾರಿ ನೌಕರಿ ಸಿಕ್ಕಿದ್ದೆಂದು ಅವರೇ ಹೇಳಿಕೊಳ್ಳುತ್ತಿದ್ದರು.

ಎಂಬತ್ತರ ದಶಕದ ಕೊನೆ. ಸಾಗರದಲ್ಲಿ ನಾನು ಟಿವಿ, ವಿಸಿಆರ್ ಬಾಡಿಗೆಗೆ ಕೊಡುತ್ತಿದ್ದೆ. ಒಂದು ದಿನ ಮೇಡಂ ಅಂಗಡಿಗೇ ಬಂದರು.

“ಭಾನುವಾರ ಎರಡೂ ಹೊಸನಗರಕ್ಕೆ ತಗಂಡ್ ಬಾ ಮಾರಾಯ.”

ಬೊಂಬಾಯಿಯಲ್ಲಿದ್ದ ಅವರ ತಮ್ಮ ರಜೆಗೆ ಬರುವಾಗ ಪುಟ್ಟ ಕಂಪ್ಯೂಟರ್ ತಂದಿದ್ದನಂತೆ. ಟಿವಿಗೆ ಜೋಡಿಸಿದರೆ ಅದರಲ್ಲೊಂದು ಸಾಹಸದ ಆಟ. ಚಿತ್ರ ಗಿತ್ರ ಇಲ್ಲ, ಬರೀ ಇಂಗ್ಲಿಷ್ ಅಕ್ಷರ. ನೀವು ಗುಹೆಯಲ್ಲಿದ್ದೀರಿ, ಏನು ಮಾಡುತ್ತೀರಿ ಎಂದು ಕೇಳುತ್ತದೆ. ದೀಪ ಹಚ್ಚು, ಉತ್ತರಕ್ಕೆ ಹೋಗು ಎಂದು ಟೈಪ್ ಮಾಡಿದರೆ ಕಥೆ ಮುಂದೆ ಸಾಗುತ್ತದೆ. ಪಕ್ಕದ ಮನೆ ಟಿವಿಯಲ್ಲಿ ಹದಿನೈದು ದಿನ ಆಡಿದರೂ ಮೇಡಂಗೆ ಹೊರಬರುವ ದಾರಿ ಸಿಕ್ಕಿರಲಿಲ್ಲ. ಭಾನುವಾರ ಸಂಜೆ ಆರರ ಬಸ್ಸಿಗೆ ತಮ್ಮನೂ ಕಂಪ್ಯೂಟರೂ ವಾಪಸ್. ಅಷ್ಟರೊಳಗೆ ಗೆಲ್ಲಬೇಕು, ಗೆದ್ದದ್ದು ಟೇಪಿನಲ್ಲಿ ಉಳಿಯಬೇಕು.

“ಬಾಡಿಗೆ?” ಎಂದೆ.

“ನಿನ್ನ ಇಂಗ್ಲಿಷ್ ಕಾಗದ ಎಲ್ಲಾ ಒಂದು ವರ್ಷ ಟೈಪ್ ಮಾಡಿಕೊಡ್ತೀನಿ. ನಿನ್ನ ಸ್ಪೆಲ್ಲಿಂಗ್ ನೋಡಿದ್ರೆ ಲಾಭ ನಿಂಗೇ.”

ಚೌಕಾಸಿಯಲ್ಲಿ ನಾನು ಸೋತದ್ದು ಅದೊಂದೇ ಸಲ.

ಭಾನುವಾರ ಬೆಳಿಗ್ಗೆ ಎಲ್ಲ ಜೋಡಿಸಿ ರೆಕಾರ್ಡಿಂಗ್ ಶುರು ಮಾಡಿದೆ. ಮೇಡಂ ಒಂದೊಂದು ಹೆಜ್ಜೆಯನ್ನೂ ಟೈಪ್ ಮಾಡಿ, ಪಕ್ಕದ ನೋಟ್‌ಬುಕ್ಕಿನಲ್ಲಿ ಶಾರ್ಟ್‌ಹ್ಯಾಂಡಿನಲ್ಲೂ ಗೀಚುತ್ತಿದ್ದರು. “ಇದೆಲ್ಲ ಎಂತಕ್ಕೆ, ಟೇಪ್ ಇದ್ಯಲ್ಲ?” ಎಂದೆ. “ಟೇಪು ನಿಂದು, ಪೆನ್ಸಿಲ್ ನಂದು” ಎಂದರು.

ಮಧ್ಯಾಹ್ನ ಕರೆಂಟ್ ಹೋಯಿತು. ನಾಡಿಗೆಲ್ಲ ಕರೆಂಟ್ ಕೊಡುವ ಲಿಂಗನಮಕ್ಕಿ ಅಣೆಕಟ್ಟು ಮಗ್ಗುಲಲ್ಲೇ ಇದ್ದು ನಮಗೆ ಆ ಭಾಗ್ಯ! ಕಂಪ್ಯೂಟರ್ ಎಲ್ಲವನ್ನೂ ಮರೆಯಿತು. ಕರೆಂಟ್ ಬಂದಾಗ ಐದು ಗಂಟೆ. ತಮ್ಮ ಆಗಲೇ ಚೀಲ ಹಿಡಿದು ನಿಂತಿದ್ದ. “ಅಕ್ಕಾ, ಬಸ್ಸು...”

“ಬಸ್ಸಿಗೂ ಡ್ರೈವರ್ ಬೇಕಲ್ಲ, ಅವನಿನ್ನೂ ಕಾಫಿ ಕುಡೀತಿದ್ದಾನೆ, ಕೂರು” ಎಂದವರೇ ನೋಟ್‌ಬುಕ್ ನೋಡಿಕೊಂಡು, ತೆರೆಯತ್ತ ತಲೆ ಎತ್ತದೆ, ಬೆಳಗಿನ ಹೆಜ್ಜೆಗಳನ್ನೆಲ್ಲ ಮಳೆ ಹೊಯ್ದಂತೆ ಟೈಪ್ ಮಾಡಿದರು. ರೆಕಾರ್ಡಿಂಗ್ ಮತ್ತೆ ಶುರು ಮಾಡಿದ್ದ ನಾನು, ಅದೆಲ್ಲ ಆಗಲೇ ಟೇಪಿನಲ್ಲಿದೆ, ಸುಮ್ಮನೆ ಯಾಕೆ ಟೇಪು ಹಾಳು ಮಾಡುವುದೆಂದು ಅದನ್ನು ತಡೆದು ನಿಲ್ಲಿಸುವ ‘ಪಾಜ್’ ಗುಂಡಿ ಒತ್ತಿದೆ. ಹೊಸ ಭಾಗ ಬಂದಾಗ ಮತ್ತೆ ಒತ್ತಿದೆ; ಮೇಡಂ ಪೆನ್ಸಿಲ್ಲೂ ಮತ್ತೆ ಓಡತೊಡಗಿತು. ಆರಕ್ಕೆ ಹತ್ತು ನಿಮಿಷವಿದ್ದಾಗ ಗುಹೆಯ ಬಾಗಿಲು ತೆರೆಯಿತು. ಮೇಡಂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ತಮ್ಮನೂ ಚೀಲ ಕೆಳಗಿಟ್ಟು ತಟ್ಟಿದ.

ತಮ್ಮನನ್ನು ಬಸ್ ಹತ್ತಿಸಿ ಬಂದು ಟೇಪು ಹಾಕಿದರೆ ಗೆಲುವೇ ಇಲ್ಲ! ಬಹಳ ಹೊತ್ತು ಪಾಜ್‌ನಲ್ಲಿಟ್ಟರೆ ವಿಸಿಆರ್ ತಾನಾಗಿ ನಿಂತುಬಿಡುತ್ತದೆ. ಬಾಡಿಗೆಗೆ ಕೊಡುವವನಿಗೇ ಅದು ಗೊತ್ತಿರಲಿಲ್ಲ. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಮೇಡಂ ಹೊಟ್ಟೆ ಹಿಡಿದು ನಕ್ಕು, ನೋಟ್‌ಬುಕ್ ನನ್ನ ಕೈಗಿಟ್ಟರು. “ತಗ. ಓದಕ್ಕೆ ಕಲಿ. ಇದೇ ನಿಂಗೆ ದಂಡ.”

ದಂಡ ಕಟ್ಟಿದೆ. ಮೂರು ತಿಂಗಳು ಪ್ರತಿ ಭಾನುವಾರ ಹೋಗಿ ಶಾರ್ಟ್‌ಹ್ಯಾಂಡ್ ಕಲಿತೆ. ಆದರೆ ಆಟವೇ ಇಲ್ಲದ ಮೇಲೆ ಆ ನೋಟ್‌ಬುಕ್ ಯಾಕೆ ಓದಲಿ? ಪೆಟ್ಟಿಗೆ ಸೇರಿತು. ಮೇಡಂ ನಿವೃತ್ತರಾಗಿ ತೀರ್ಥಹಳ್ಳಿಗೆ ಹೋದರು. ಅಲ್ಲೇ, ತುಂಬು ವಯಸ್ಸಿನಲ್ಲಿ, ತೀರಿಕೊಂಡರು.

ಅದಾದ ಮೇಲೆ ಈಚೆಗೆ ಗೊತ್ತಾಯಿತು, ಈಗಿನ ಲ್ಯಾಪ್‌ಟಾಪಿಗೆ ಹಳೆ ಕಂಪ್ಯೂಟರಿನ ವೇಷ ಹಾಕಿಸುವ ಪ್ರೋಗ್ರಾಮುಗಳಿವೆ ಎಂದು. ಹುಡುಕಿದೆ, ಅದೇ ಆಟ ಸಿಕ್ಕಿತು. ದೊಡ್ಡ ಟಿವಿಗೆ ಜೋಡಿಸಿ, ರೆಕಾರ್ಡಿಂಗ್ ಹಾಕಿ, ನೋಟ್‌ಬುಕ್ ತೆರೆದು ತಡವರಿಸುತ್ತಾ ಹೆಜ್ಜೆ ಹಾಕಿದೆ. ಕೊನೆಯ ಪುಟದ ಅಂಚಿನಲ್ಲಿ ಆಟಕ್ಕೆ ಸೇರದ ಒಂದು ಸಾಲಿತ್ತು. ಶಾರ್ಟ್‌ಹ್ಯಾಂಡ್, ಆದರೆ ಕನ್ನಡ. ಅಕ್ಷರ ಕೂಡಿಸಿ ಕೂಡಿಸಿ ಓದಿದೆ:

“ರೆಕಾರ್ಡಿಂಗ್ ಕೆಂಪು ದೀಪ ಆರಿದೆ. ಹೇಳಿದ್ರೆ ಇವನು ಗಾಬರಿ ಬಿದ್ದು ಆಟ ನಿಲ್ಲಿಸ್ತಾನೆ. ಕರೆಂಟ್ ಇರೋವಾಗ ಗೆದ್ದು ಬಿಡೋಣ.”

ನೀವೂ ಹಳೆ ಆಟ ರೆಕಾರ್ಡ್ ಮಾಡುವವರಾದರೆ ನನ್ನ ಮಾತು ಕೇಳಿ, ಪಾಜ್ ಮುಟ್ಟಬೇಡಿ. ಗುಹೆಯ ಬಾಗಿಲು ತೆರೆದ ಮೇಲೂ ಕಾಲು ಗಂಟೆ ನಾನು ರೆಕಾರ್ಡಿಂಗ್ ನಿಲ್ಲಿಸಲಿಲ್ಲ. ಎದ್ದು ನಿಂತು ಚಪ್ಪಾಳೆ ತಟ್ಟಿದೆ.